ಗಾಡಿಯ ವಯಸ್ಸು ಕೇಳಬೇಡಿ, ಹೊಗೆ ಅಳೆಯಿರಿ: ಸಾರಿಗೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಸಾರಿಗೆ ಇಲಾಖೆ, ಶಾಂತಿನಗರ, ಬೆಂಗಳೂರು.

ವಿಷಯ: ಹಳೆಯ ಡೀಸೆಲ್ ಗಾಡಿಗಳ ಯೋಗ್ಯತೆಯನ್ನು ಪರೀಕ್ಷೆ ಮಾಡಿಯೇ ತೀರ್ಮಾನಿಸುವ ಬಗ್ಗೆ.

ಮಾನ್ಯರೇ,

ನನ್ನ ಟೊಯೊಟಾ ಕ್ವಾಲಿಸ್ ಡೀಸೆಲ್ ಗಾಡಿಯ ಮೀಟರ್ ಹೋದ ವಾರ 6,84,000 ಕಿಲೋಮೀಟರ್ ದಾಟಿತು. 2003ರಲ್ಲಿ ಹೊಸದಾಗಿ ತಂದ ಗಾಡಿ. ಅವತ್ತಿನಿಂದ ಇವತ್ತಿನವರೆಗೆ ಓಡಿಸಿದವನು ನಾನೊಬ್ಬನೇ. ಸಾಗರದ ಸುತ್ತಮುತ್ತಲಿನ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವುದು ನನ್ನ ಕೆಲಸ. ಹಿಂದಿನ ಸೀಟು ಮಡಚಿದರೆ ಒಂದು ಮೋಟಾರು, ಪೈಪು, ಸ್ಪ್ಯಾನರ್ ಪೆಟ್ಟಿಗೆ, ಚೈನ್ ಪುಲ್ಲಿ ಎಲ್ಲ ಹಿಡಿಯುತ್ತದೆ. ಕೆಲಸದ ದಿನ ನೂರು ಕಿಲೋಮೀಟರ್ ಹತ್ತಿರ ಓಡುತ್ತದೆ. ಸೇತುವೆ ಆಗುವ ಮೊದಲು ತುಮರಿ ಕಡೆಯ ತೋಟಗಳಿಗೆ ಹೋಗಬೇಕಾದರೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯುತ್ತಿದ್ದೆ. ಲಾಂಚಿನ ಮೇಲೆ ನಿಂತು ಈ ಗಾಡಿ ಶರಾವತಿ ಹಿನ್ನೀರನ್ನು ಎಷ್ಟು ಸಲ ದಾಟಿದೆಯೋ ಲೆಕ್ಕ ಇಟ್ಟಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ತನ್ನ ಚಕ್ರದ ಮೇಲೇ ದಾಟುತ್ತಿದೆ.

ಉಳಿದ ಎಲ್ಲದಕ್ಕೂ ಲೆಕ್ಕ ಇದೆ. ಆ ಲೆಕ್ಕ ನಿಮಗೆ ಹೇಳಬೇಕು ಅಂತಲೇ ಈ ಪತ್ರ.

ನನ್ನ ಹತ್ತಿರ ಮೂರು ದಪ್ಪ ನೋಟ್‌ಬುಕ್ ಇವೆ. ಪ್ರತಿ 5,000 ಕಿಲೋಮೀಟರಿಗೆ ಎಂಜಿನ್ ಆಯಿಲ್ ಬದಲಿಸಿದ್ದು, ಯಾವ ದಿನ, ಮೀಟರಿನಲ್ಲಿ ಎಷ್ಟಿತ್ತು, ಎಲ್ಲ ಬರೆದಿದ್ದೇನೆ. ಸುಮಾರು 135 ಸಲ ಆಯಿಲ್ ಬದಲಾಗಿದೆ. ಆರು ಸಲ ಟೈಮಿಂಗ್ ಬೆಲ್ಟ್. ನಾಲ್ಕು ಸಲ ಕ್ಲಚ್. ಎರಡು ಸಲ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಡೀಸೆಲ್ ಪಂಪ್ ಬಿಚ್ಚಿ ರಿಪೇರಿ. ಒಂದು ಸಲ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಇಳಿಸಿದ್ದು. 4,90,000ದಲ್ಲಿ ರಿಂಗ್, ಬೇರಿಂಗ್. ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಇವಕ್ಕೆ ಬೇರೆ ಬೇರೆ ಪುಟ.

2018ರಲ್ಲಿ ಗಾಡಿಗೆ 15 ವರ್ಷ ತುಂಬಿತು. 600 ರೂಪಾಯಿ ಶುಲ್ಕ ಕಟ್ಟಿ ಆರ್‌ಸಿ ನವೀಕರಿಸಿಕೊಂಡೆ. ಐದು ವರ್ಷ ಸಿಕ್ಕಿತು. 2022ರ ಏಪ್ರಿಲ್‌ನಿಂದ ಆ ಶುಲ್ಕ 5,000 ಆಯಿತು, 2023ರಲ್ಲಿ ಅದನ್ನೂ ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದೆ. 2028ರಲ್ಲಿ ಅದನ್ನೂ ಕಟ್ಟುತ್ತೇನೆ. ಹಣದ ಬಗ್ಗೆ ತಕರಾರು ಮಾಡಲು ನಾನು ಕೂತಿಲ್ಲ. ನನ್ನನ್ನು ಕಾಡುವುದು ಬೇರೆ. ಈ ಎರಡು ಸಲವೂ ಶುಲ್ಕ ಏರಿದ್ದು ಗಾಡಿಯ ವಯಸ್ಸು ನೋಡಿ. ನೋಟ್‌ಬುಕ್ ಯಾರೂ ಕೇಳಲಿಲ್ಲ. ಗಾಡಿ ಎಷ್ಟು ಹೊಗೆ ಬಿಡುತ್ತದೆ, ಬ್ರೇಕ್ ಎಷ್ಟು ಹಿಡಿಯುತ್ತದೆ, ಚಾಸಿಸ್ ತುಕ್ಕು ತಿಂದಿದೆಯಾ ಎಂಬುದಕ್ಕೂ ನಾನು ಕಟ್ಟುವ ಹಣಕ್ಕೂ ಯಾವ ಸಂಬಂಧವೂ ಇಲ್ಲ.

ದೆಹಲಿಯಲ್ಲಿ ಏನಾಯಿತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2015ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಅಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಡೀಸೆಲ್ಲೇ ಹಾಕಬಾರದು ಅಂತ ಆಯಿತು. ಜನ ಕೂಗಾಡಿದರು, ಕೆಲವೇ ದಿನಕ್ಕೆ ಅದು ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬರೀ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡ ಅಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 (ಭಾರತ್ ಸ್ಟೇಜ್ ಅನ್ನುವ ಹೊಗೆ ನಿಯಮದ ನಾಲ್ಕನೇ ಹಂತ) ಮತ್ತು ಅದರ ನಂತರದ ಗಾಡಿಗಳಿಗೆ ಮಾತ್ರ ಅಂತ ತಿದ್ದಿತು. ಅಲ್ಲಿನ ಗಾಳಿ ಎಷ್ಟು ಕೆಟ್ಟಿದೆ ಅಂತ ಟಿವಿಯಲ್ಲಿ ನೋಡಿದ್ದೇನೆ. ಮಕ್ಕಳು ಉಸಿರಾಡಲಾಗದ ಊರಿನಲ್ಲಿ ಗಟ್ಟಿ ನಿಯಮ ಬೇಕೇ ಬೇಕು. ಆದರೆ ಹತ್ತು ವರ್ಷದ ಲೆಕ್ಕದಿಂದ ಆದದ್ದೇನು? ಅಲ್ಲಿ ಬೇಡವಾದ ಗಾಡಿಗಳು ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ತೆಗೆದುಕೊಂಡು ಬೇರೆ ರಾಜ್ಯಗಳಿಗೆ ಹೋದವು. ಚೆನ್ನಾಗಿದ್ದದ್ದೂ ಹೋಯಿತು, ಕೆಟ್ಟದ್ದೂ ಹೋಯಿತು. ಹೊಗೆ ನಿಲ್ಲಲಿಲ್ಲ, ಊರು ಬದಲಿಸಿತು ಅಷ್ಟೇ.

ನಮ್ಮಲ್ಲಿ ಖಾಸಗಿ ಗಾಡಿಗಳಿಗೆ ಅಂಥ ನಿಷೇಧ ಇಲ್ಲ. ಬರುವ ಮಾತು ಶುರುವಾಗುವ ಮೊದಲೇ ನಾಲ್ಕು ಮಾತು ನಿಮ್ಮ ಕಿವಿಗೆ ಹಾಕಬೇಕು ಅನ್ನಿಸಿತು.

ಈ ಗಾಡಿ ಇಷ್ಟು ವರ್ಷ ಹೇಗೆ ಬಾಳಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ನಿಯಮ ಬರೆಯುವವರಿಗೆ ಈ ವಿಷಯ ಬೇಕು.

ಕ್ವಾಲಿಸ್ ಹುಟ್ಟಿದ್ದು ನಮ್ಮ ಬಿಡದಿಯಲ್ಲೇ. ಅಲ್ಲಿನ ಟೊಯೊಟಾ ಕಾರ್ಖಾನೆಯ ಮೊದಲ ಗಾಡಿ ಅದು. 2000ದಲ್ಲಿ ಮಾರುಕಟ್ಟೆಗೆ ಬಂತು, 2005ರಲ್ಲಿ ಇನ್ನೋವಾ ಬಂದಾಗ ನಿಂತಿತು. ಎಂಜಿನ್ 2,446 ಸಿಸಿ. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಶಕ್ತಿ ಬರೀ 75 ಕುದುರೆಯದು. ಅಷ್ಟು ದೊಡ್ಡ ಎಂಜಿನ್ನಿನಿಂದ ಇಷ್ಟೇ ಶಕ್ತಿ ಕೇಳುವುದರಿಂದ ಅದಕ್ಕೆ ಆಯಾಸ ಕಡಿಮೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಒತ್ತಡ ತಡೆಯಲು ಬ್ಲಾಕು, ಕ್ರ್ಯಾಂಕು ಎಲ್ಲ ದಪ್ಪ ಮಾಡಿರುತ್ತಾರೆ. ನಿಧಾನ ತಿರುಗುತ್ತದೆ, ಜಾಸ್ತಿ ದಿನ ಬಾಳುತ್ತದೆ. ನಮ್ಮ ಕಡೆ ಹಳೆಯ ಮಹೀಂದ್ರ ಜೀಪುಗಳು ಇನ್ನೂ ಗುಡ್ಡ ಹತ್ತುವುದು ಇದೇ ಕಾರಣಕ್ಕೆ. ತೋಟದ ಹಳೇ ಡೀಸೆಲ್ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಕಟ್ಟಿ ನನಗೆ ಈ ಜಾತಿಯ ಎಂಜಿನ್ನಿನ ಗುಣ ಗೊತ್ತು. ಅದು ಸಾಯುವುದು ಹೊಟ್ಟೆ ತುಂಬ ಓಡಿದ್ದರಿಂದ ಅಲ್ಲ. ಯಾರೋ ಒಬ್ಬರು ಯಾವತ್ತೋ ಒಂದು ಸಣ್ಣ ಕೆಲಸ ಬಿಟ್ಟದ್ದರಿಂದ.

ನನ್ನ ಗಾಡಿಯೂ ಒಮ್ಮೆ ಹಾಗೆ ಸಾಯುವುದರಲ್ಲಿತ್ತು. 2011ರ ಬೇಸಿಗೆ. ಹುಲಿಕಲ್ ಘಾಟಿ ಹತ್ತುತ್ತಿದ್ದೆ, ಗಾಡಿ ತುಂಬ ಸಾಮಾನು. ಬಿಸಿಯ ಮುಳ್ಳು ಏರುವುದು ಕಂಡಿತು. ಬದಿಗೆ ಹಾಕಿ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ರೇಡಿಯೇಟರ್ ಹೋಸ್ ಸೀಳಿ ನೀರೆಲ್ಲ ಹೋಗಿತ್ತು. ಅದರ ಹಿಂದಿನ ತಿಂಗಳಷ್ಟೇ ಒಂದು ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದ್ದೆ. ಕೂಲೆಂಟ್ ಹಾಕಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದಿದ್ದರು. ಹಾಕಿದ್ದು ಬರೀ ಬೋರ್‌ವೆಲ್ ನೀರು. ಒಳಗೆ ಸುಣ್ಣದ ಪದರ ಕಟ್ಟಿತ್ತು. ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದನ್ನೂ ಯಾರೂ ನೋಡಿರಲಿಲ್ಲ. ಈ ಎಂಜಿನ್ನಿನ ದುರ್ಬಲ ಜಾಗ ಹೆಡ್ಡೇ. ಅತಿ ಬಿಸಿಯಾದರೆ ಹೆಡ್ ಬಿರುಕು ಬಿಡುತ್ತದೆ. ಒಂದು ಗಂಟೆ ಕಾದು, ತಣ್ಣಗಾದ ಮೇಲೆ ಲಾರಿಗೆ ಕಟ್ಟಿ ತಂದೆ. ಪುಣ್ಯಕ್ಕೆ ಗ್ಯಾಸ್ಕೆಟ್ ಮಾತ್ರ ಹೋಗಿತ್ತು, ಹೆಡ್ ಸ್ವಲ್ಪ ಬಾಗಿತ್ತು. "ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿಬಿಡಿ ಸಾರ್, ಇದು ಮುಗೀತು" ಅಂತ ಗ್ಯಾರೇಜಿನವರು ಅಂದರು. ನಾನು ಕೇಳಲಿಲ್ಲ. ಶಿವಮೊಗ್ಗದಲ್ಲಿ ಹೆಡ್ ಫೇಸಿಂಗ್ ಮಾಡಿಸಿ, ಅಂದರೆ ಬಾಗಿದ ಮೈಯನ್ನು ಸಮತಟ್ಟು ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿದೆವು. ಆಗ ಮೀಟರಿನಲ್ಲಿ 2,46,000 ಇತ್ತು. ಆಮೇಲೆ ನಾಲ್ಕು ಲಕ್ಷಕ್ಕೂ ಜಾಸ್ತಿ ಓಡಿದೆ. ಅವತ್ತಿನಿಂದ ಕೂಲೆಂಟ್ ನಾನೇ ಹಾಕುತ್ತೇನೆ, ಡಿಸ್ಟಿಲ್ಡ್ ವಾಟರ್ ಬೆರೆಸಿ. ಎರಡು ವರ್ಷಕ್ಕೊಮ್ಮೆ ಹೋಸುಗಳನ್ನೆಲ್ಲ ಬದಲಿಸುತ್ತೇನೆ. ಒಂದು ಹೋಸಿನ ಬೆಲೆ ಒಂದು ಊಟದ ಬೆಲೆ.

ಟೈಮಿಂಗ್ ಬೆಲ್ಟಿನ ಕಥೆಯೂ ಹೀಗೇ. ಪಿಸ್ಟನ್ನು, ವಾಲ್ವುಗಳನ್ನು ಒಂದೇ ತಾಳದಲ್ಲಿ ಇಡುವ ಪಟ್ಟಿ ಅದು. ನೋಡಲು ಚೆನ್ನಾಗೇ ಇರುತ್ತದೆ. ಆದರೆ ಓಡುವಾಗ ತುಂಡಾದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಹಾಗಾಗಿ ಲಕ್ಷಕ್ಕೊಮ್ಮೆ ಕಣ್ಣು ಮುಚ್ಚಿ ಬದಲಿಸುತ್ತೇನೆ, ಜೊತೆಗೆ ಟೆನ್ಷನರ್ ಬೇರಿಂಗ್ ಕೂಡ.

ಎಲ್ಲಕ್ಕಿಂತ ನಾಜೂಕಾದದ್ದು ಡೀಸೆಲ್ ಪಂಪ್. ಅದರೊಳಗಿನ ಭಾಗಗಳಿಗೆ ಬೇರೆ ಆಯಿಲ್ ಇಲ್ಲ. ಅದರ ಮೂಲಕ ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ. ಡೀಸೆಲ್ಲಿನಲ್ಲಿ ನೀರು ಬಂದರೆ, ಧೂಳು ಬಂದರೆ, ಸೀಮೆಎಣ್ಣೆ ಬೆರೆತರೆ ಪಂಪ್ ಸವೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುತ್ತೇನೆ. ರಾತ್ರಿ ಟ್ಯಾಂಕ್ ಅರ್ಧ ಖಾಲಿ ಇಡುವುದಿಲ್ಲ. ಒಂದು ಕಾಲದಲ್ಲಿ ಬೆರಕೆಯ ಭಯ ತುಂಬ ಇತ್ತು. ನಮ್ಮ ಕೋಲಾರದ ಕಡೆಯ ಹುಡುಗ, ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್, ಕಲಬೆರಕೆ ಬಂಕಿನ ಮೇಲೆ ಕ್ರಮ ತೆಗೆದುಕೊಂಡದ್ದಕ್ಕೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ್ ಖೇರಿಯಲ್ಲಿ ಕೊಲೆಯಾದ. ಪಂಪ್ ಬಿಚ್ಚಿ ಸವೆದ ಭಾಗ ನೋಡಿದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಈಗಿನ ಡೀಸೆಲ್ ಎಷ್ಟೋ ಶುದ್ಧ. ಬಿಎಸ್-3ರಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 350 ಭಾಗ ಇತ್ತು, ಬಿಎಸ್-4ರಲ್ಲಿ 50, 2020ರ ಏಪ್ರಿಲ್‌ನಿಂದ 10. ಹಳೆಯ ಗಾಡಿಗೂ ಬಂಕಿನಲ್ಲಿ ಅದೇ ಹೊಸ ಡೀಸೆಲ್ ಬೀಳುತ್ತದೆ. ಇಂಧನ ಬದಲಾದ ಹೊತ್ತಿನಲ್ಲಿ ನನ್ನ ಪಂಪಿನ ಹಳೇ ರಬ್ಬರ್ ಸೀಲುಗಳು ಕುಗ್ಗಿ ಸೋರಿದವು. ಹೊಸ ಸೀಲ್ ಹಾಕಿಸಿದೆ, ಸರಿಹೋಯಿತು.

ಆ ಕೆಲಸ ಮಾಡಿಕೊಟ್ಟವರ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ನಿಮಗೆ ಗೊತ್ತಿರುತ್ತದೆ. ಕಂಪನಿ ಶುರುವಾದದ್ದು 1951ರಲ್ಲಿ, ಈಗ ಬಾಷ್ ಅಂತ ಹೆಸರು. ದೇಶದ ಟ್ರ್ಯಾಕ್ಟರ್, ಲಾರಿಗಳಿಗೆ ಡೀಸೆಲ್ ಪಂಪ್, ನಾಜಲ್ ಮಾಡಿಕೊಟ್ಟವರು ಅವರು. ಅದರಿಂದ ನಮ್ಮ ರಾಜ್ಯದ ಊರೂರಿನಲ್ಲೂ ಪಂಪ್ ರಿಪೇರಿ ಅಂಗಡಿಗಳು ಹುಟ್ಟಿಕೊಂಡವು. ಒಳಗೆ ಒಂದು ಟೆಸ್ಟ್ ಬೆಂಚು, ಸಾಲಾಗಿ ಗಾಜಿನ ನಳಿಕೆಗಳು. ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿ, ಪ್ರತಿ ನಳಿಕೆಗೂ ಸಮವಾಗಿ ಡೀಸೆಲ್ ಬೀಳುವವರೆಗೆ ತಿರುಪು ತಿರುಗಿಸುತ್ತಾ ಕೂರುತ್ತಾರೆ. ನಾಜಲ್ಲನ್ನು ಕೈಪಂಪಿಗೆ ಸಿಕ್ಕಿಸಿ ಒತ್ತಿದಾಗ ಬರುವ ಕಿರ್ರ್ ಸದ್ದಿನಲ್ಲೇ ಅದು ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. ನಾನು ಹೋಗುವ ಅಂಗಡಿಯವರಿಗೆ ಈಗ ಎಪ್ಪತ್ತು ದಾಟಿದೆ. ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಬೆಂಚು ಮುಂದೆ ಯಾರದ್ದು? ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಇದೆ. ಆ ಹುಡುಗರನ್ನು ಇಂಥವರ ಹತ್ತಿರ ಆರು ತಿಂಗಳು ಕೂರಿಸಿದರೆ ಎಷ್ಟು ಹೊಗೆ ಕಡಿಮೆಯಾಗುತ್ತದೆ ಗೊತ್ತಾ? ಇದು ನಿಮ್ಮ ಇಲಾಖೆಯ ಕೆಲಸ ಅಲ್ಲದಿರಬಹುದು. ಆದರೂ ಹೊಗೆಯ ಜವಾಬ್ದಾರಿ ನಿಮ್ಮದು, ಹೊಗೆ ನಿಲ್ಲಿಸುವ ಕೈ ಅವರದು.

ಯಾಕೆ ಹಾಗೆ ಹೇಳುತ್ತೇನೆ ಅಂದರೆ ನನಗೇ ಆದ ಅನುಭವ ಇದೆ.

ಎರಡು ವರ್ಷದ ಹಿಂದೆ ಬೇರೆ ಊರಿಗೆ ಹೋದಾಗ ಎಮಿಷನ್ ಟೆಸ್ಟಿನ ಅವಧಿ ಮುಗಿದಿತ್ತು. ನನ್ನಂಥ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು ಅಲ್ವಾ. ರಸ್ತೆ ಬದಿಯ ಒಂದು ಕೇಂದ್ರಕ್ಕೆ ಹೋದೆ. ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದ. ಸೈಲೆನ್ಸರಿಗೆ ಪೈಪ್ ಹಾಕಲೇ ಇಲ್ಲ. ಎರಡು ನಿಮಿಷಕ್ಕೆ ಪ್ರಿಂಟ್ ಕೈಗೆ ಬಂತು. "ಪೈಪ್ ಹಾಕಿ ನೋಡಪ್ಪಾ" ಅಂದೆ. "ಯಾಕೆ ಸಾರ್, ಫೇಲ್ ಆದ್ರೆ ನಿಮಗೇ ತೊಂದ್ರೆ" ಅಂದ. ಅವನ ದೃಷ್ಟಿಯಲ್ಲಿ ನನಗೆ ಸಹಾಯ ಮಾಡುತ್ತಿದ್ದ. ನನಗೆ ಆ ಚೀಟಿ ಹಿಡಿದು ಹೋಗಲು ಮನಸ್ಸು ಬರಲಿಲ್ಲ. ನಮ್ಮ ಊರಿಗೆ ಬಂದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗ, ಇನ್ನೊಂದು ಕಡೆ ಸರಿಯಾಗಿ ಪೈಪ್ ಹಾಕಿಸಿ, ಎಕ್ಸಲರೇಟರ್ ಪೂರ್ತಿ ಒತ್ತಿ ಪರೀಕ್ಷೆ ಮಾಡಿಸಿದೆ. 61 ಎಚ್‌ಎಸ್‌ಯು ಬಂತು, ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಅಂಕಿ ಅದು. ಬಿಎಸ್-4ಕ್ಕಿಂತ ಮೊದಲಿನ ಡೀಸೆಲ್ ಗಾಡಿಗೆ ಮಿತಿ 65, ಬಿಎಸ್-4 ಮತ್ತು ನಂತರದ್ದಕ್ಕೆ 50. ಕಾನೂನಿನ ಪ್ರಕಾರ ಪಾಸ್. ಆದರೆ ಅದಕ್ಕೂ ಹಿಂದಿನ ಸಲ 38 ಬಂದಿತ್ತು ಅಂತ ನೋಟ್‌ಬುಕ್ಕಿನಲ್ಲಿದೆ. ಇಷ್ಟು ಏರಿದೆ ಅಂದರೆ ಒಳಗೆ ಏನೋ ಕೆಟ್ಟಿದೆ.

ಮಾರನೇ ದಿನವೇ ಪಂಪ್ ಅಂಗಡಿಗೆ ಹೋದೆ. ನಾಲ್ಕು ನಾಜಲ್ಲಿನಲ್ಲಿ ಒಂದು ಮಂಜಿನಂತೆ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದ ಡೀಸೆಲ್ ಪೂರ್ತಿ ಸುಡುವುದಿಲ್ಲ, ಮಸಿಯಾಗಿ ಹೊರಗೆ ಬರುತ್ತದೆ. ನಾಲ್ಕಕ್ಕೂ ಹೊಸ ಟಿಪ್ ಹಾಕಿದರು, ಏರ್ ಫಿಲ್ಟರ್ ಬದಲಿಸಿದೆ. ಮತ್ತೆ ಪರೀಕ್ಷೆ ಮಾಡಿಸಿದರೆ 34. ಅದೇ ಗಾಡಿ, ಅದೇ ವಯಸ್ಸು. ಒಂದು ವಾರದಲ್ಲಿ ಹೊಗೆ ಅರ್ಧದ ಹತ್ತಿರ ಇಳಿಯಿತು. ಆ ಹುಡುಗನ ಚೀಟಿ ನಂಬಿದ್ದರೆ ಆರು ತಿಂಗಳು ಆ ಮಸಿ ನಮ್ಮ ಊರಿನ ಶಾಲೆಯ ಮುಂದೆ ಬೀಳುತ್ತಿತ್ತು.

ನಾನು ಕೇಳಲು ಬಂದಿರುವುದು ರಿಯಾಯಿತಿ ಅಲ್ಲ. ಗಟ್ಟಿಯಾದ ಪರೀಕ್ಷೆ ಬೇಕು.

ಹಳೆಯ ಡೀಸೆಲ್ ಹೊಸದರಷ್ಟೇ ಶುದ್ಧ ಅಂತ ನಾನು ವಾದ ಮಾಡುವುದಿಲ್ಲ. ಅದು ಸುಳ್ಳು. ಬಿಎಸ್-6 ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ನನ್ನದರಲ್ಲಿ ಇಲ್ಲ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಗಾಡಿ ಸ್ಟಾರ್ಟ್ ಮಾಡುವಾಗ ಮೊಮ್ಮಗಳು ಹಿಂದೆ ನಿಂತಿದ್ದರೆ ನಾನೇ ಈಚೆ ಕರೆಯುತ್ತೇನೆ. ಬೆಂಗಳೂರಿನ ನಡುವೆ, ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಇಂಥ ಸಾವಿರ ಗಾಡಿ ನಿಂತು ಉರಿಯುವುದು ಬೇಡ ಅಂತ ನೀವು ಅಂದರೆ ನಾನು ಒಪ್ಪುತ್ತೇನೆ. ಊರಿನ ಒಳಭಾಗಕ್ಕೆ ಬರಬೇಡ ಅನ್ನಿ, ಬಸ್ಸಿನಲ್ಲಿ ಬರುತ್ತೇನೆ. ಆದರೆ ಹೊಸನಗರದ ತೋಟಕ್ಕೂ ಸಿಲ್ಕ್ ಬೋರ್ಡಿಗೂ ಒಂದೇ ನಿಯಮ ಮಾಡಬೇಡಿ.

ಹೊಸದು ತಗೊಳ್ಳಬಹುದಲ್ಲ ಅಂತ ಕೇಳಬಹುದು. ಇದರ ಜಾಗಕ್ಕೆ ಬಂದ ಇನ್ನೋವಾದ ಈಗಿನ ಡೀಸೆಲ್ ಮಾದರಿ ರಸ್ತೆಗೆ ಇಳಿಯುವಾಗ 20 ಲಕ್ಷ ದಾಟುತ್ತದೆ. ಹೊಸ ಗಾಡಿ ಮಾಡುವುದಕ್ಕೂ ಕಬ್ಬಿಣ, ಕಲ್ಲಿದ್ದಲು, ಕರೆಂಟು ಬೇಕು. ಕಾರ್ಖಾನೆಯಿಂದ ಹೊರಬರುವ ಮೊದಲೇ ಅದರ ಹೆಸರಿನಲ್ಲಿ ಹಲವು ಟನ್ ಇಂಗಾಲದ ಹೊಗೆ ಹೋಗಿರುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಳೆಯ ಕಾರನ್ನು ವರ್ಷಕ್ಕೆ 4,000 ಕಿಲೋಮೀಟರ್ ಓಡಿಸುತ್ತಾರೆ. ಅವರು ಸುಡುವುದು 300 ಲೀಟರ್ ಕೂಡ ಇಲ್ಲ. ಅವರ ಗಾಡಿ ಗುಜರಿಗೆ ಹಾಕಿಸಿ ಹೊಸದು ಕೊಡಿಸಿದರೆ ಭೂಮಿಗೆ ಏನು ಲಾಭ? ಜಾಸ್ತಿ ಓಡಿಸುವ ನನ್ನ ವಿಷಯದಲ್ಲಿ ಈ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಅದಕ್ಕೇ ಒಬ್ಬೊಬ್ಬರ ಗಾಡಿ ಒಂದೊಂದಾಗಿ ನೋಡಿ ಅನ್ನುತ್ತಿರುವುದು.

ಇನ್ನೊಂದು ಗಾಡಿಯ ಕಥೆ ಕೇಳಿ. ಹೊನ್ನಾವರದ ಗೆಳೆಯನೊಬ್ಬನ ಡೀಸೆಲ್ ಕಾರು. 14 ವರ್ಷ ಆಗಿತ್ತು, ಓಡಿದ್ದು 90,000 ಮಾತ್ರ. ಹೊರಗೆ ಹೊಳೆಯುವ ಪೇಂಟು. ಜಾಕ್ ಹಾಕಿ ಎತ್ತಿದರೆ ಕೆಳಗಿನ ತಗಡು ಸ್ಕ್ರೂಡ್ರೈವರಿಗೆ ಪುಡಿಯಾಗಿ ಉದುರಿತು. ಸಮುದ್ರದ ಉಪ್ಪುಗಾಳಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಒಂದು ದಿನವೂ ಅಡಿಭಾಗ ತೊಳೆದಿಲ್ಲ. ಸಸ್ಪೆನ್ಷನ್ ಕೂರುವ ಜಾಗವೇ ಸಡಿಲ. ಇದನ್ನು ರಸ್ತೆಗೆ ತರಬೇಡ ಮಾರಾಯ ಅಂತ ನಾನೇ ಹೇಳಿದೆ. ಕಾಗದದ ಪ್ರಕಾರ ಅದಕ್ಕೆ ಇನ್ನೂ ಒಂದು ವರ್ಷ ಹೊಗೆ ಪರೀಕ್ಷೆ ಬಿಟ್ಟರೆ ಯಾವ ತಪಾಸಣೆಯೂ ಬೇಕಿರಲಿಲ್ಲ. ಹಾಗೇ, 15 ವರ್ಷ ಆದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್‌ನಿಂದ ನವೀಕರಣ ಆಗುವುದಿಲ್ಲ. ಅವುಗಳಲ್ಲಿ ಕಡಿಮೆ ಓಡಿದ, ಗಟ್ಟಿಯಾದ ಜೀಪುಗಳೂ ಇದ್ದೇ ಇರುತ್ತವೆ. ವಯಸ್ಸು ಎರಡೂ ಕಡೆ ಮೋಸ ಮಾಡುತ್ತದೆ.

ಈಗ ಮೀಟರಿನ ವಿಷಯ. ನಮ್ಮಲ್ಲಿ ಜಾಸ್ತಿ ಓಡಿದ ಗಾಡಿ ಅಂದರೆ ನಾಚಿಕೆ. ಮಾರುವಾಗ ಮೀಟರ್ ಹಿಂದಕ್ಕೆ ತಿರುಗಿಸುತ್ತಾರೆ. ಮೂರು ಲಕ್ಷ ಓಡಿದ್ದು 80,000 ಆಗುತ್ತದೆ. ಕೊಂಡವನು ಟೈಮಿಂಗ್ ಬೆಲ್ಟಿಗೆ ಇನ್ನೂ ಕಾಲ ಇದೆ ಅಂದುಕೊಳ್ಳುತ್ತಾನೆ. ಹೈವೇಯಲ್ಲಿ ಬೆಲ್ಟ್ ತುಂಡಾಗುತ್ತದೆ, ಗಾಡಿ ನಿಲ್ಲುತ್ತದೆ, ಹಿಂದೆ ಲಾರಿ ಬರುತ್ತಿರುತ್ತದೆ. ಗ್ರೀಸ್ ದೇಶದಲ್ಲಿ ಗ್ರೆಗೋರಿಯೋಸ್ ಸಾಚಿನಿಡಿಸ್ ಅಂತ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದ. ಅವನ 1976ರ ಮರ್ಸಿಡಿಸ್ 240ಡಿ ಡೀಸೆಲ್ ಕಾರು ಎಂಜಿನ್ ಬದಲಿಸಿಕೊಳ್ಳುತ್ತಾ 46 ಲಕ್ಷ ಕಿಲೋಮೀಟರ್ ಓಡಿತು. 2004ರಲ್ಲಿ ಕಂಪನಿಯವರು ಅದನ್ನು ತಮ್ಮ ಮ್ಯೂಸಿಯಮ್ಮಿಗೆ ತೆಗೆದುಕೊಂಡರು. ಅಲ್ಲಿ ಆ ಅಂಕಿ ಹೆಮ್ಮೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ. ಪ್ರತಿ ಸಲ ಮೀಟರ್ ಓದಿ ದಾಖಲು ಮಾಡುತ್ತಾರೆ. ಗಾಡಿ ನಂಬರ್ ಹಾಕಿದರೆ ಯಾವ ವರ್ಷ ಎಷ್ಟು ಓಡಿತ್ತು, ಯಾವುದರಲ್ಲಿ ಫೇಲ್ ಆಗಿತ್ತು ಅಂತ ಯಾರು ಬೇಕಾದರೂ ನೋಡಬಹುದು. ನನ್ನ ಮೂರು ನೋಟ್‌ಬುಕ್ಕಿನ ಕೆಲಸವನ್ನು ಅಲ್ಲಿ ಸರ್ಕಾರವೇ ಮಾಡುತ್ತದೆ.

ಇದನ್ನು ನಮ್ಮಲ್ಲೂ ಮಾಡಿ. 15 ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ನೋಡಿದರೆ ಸಾಲದು, ವರ್ಷಕ್ಕೊಮ್ಮೆ ಕರೆಯಿರಿ. ಕಣ್ಣಳತೆಯ ತಪಾಸಣೆ ಸಾಕಾಗುವುದಿಲ್ಲ. ನನ್ನ ಗಾಡಿ ನೋಡಿದ ಇನ್‌ಸ್ಪೆಕ್ಟರು ಬಿಸಿಲಿನಲ್ಲಿ ಬಗ್ಗಿ ಬಗ್ಗಿಯೇ ನೋಡಿದರು, ಪಾಪ, ಆದರೆ ಅವರ ಕೈಯಲ್ಲಿ ಯಂತ್ರ ಇರಲಿಲ್ಲ. ಯಂತ್ರದಿಂದ ಪರೀಕ್ಷೆ ಮಾಡುವ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲೇ ನಿಯಮ ಮಾಡಿದೆ. ಚಕ್ರವನ್ನು ರೋಲರ್ ಮೇಲೆ ಇಟ್ಟು ಬ್ರೇಕ್ ಅಳೆಯುವುದು, ಹೆಡ್‌ಲೈಟ್, ಸಸ್ಪೆನ್ಷನ್, ಸ್ಟೀರಿಂಗಿನ ಜಾಯಿಂಟುಗಳು, ಹೊಗೆ ಎಲ್ಲವೂ ಅದರಲ್ಲಿದೆ. ಅಂಥದ್ದು ಪ್ರತಿ ಜಿಲ್ಲೆಗೂ ಬರಲಿ, ಸಾಗರದವನು ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರ ಇರಲಿ. ಪರೀಕ್ಷೆಯ ಖರ್ಚು ನಾವೇ ಕೊಡುತ್ತೇವೆ. ಪೈಪ್ ಹಾಕದೆ ಚೀಟಿ ಕೊಡುವ ಎಮಿಷನ್ ಕೇಂದ್ರದ ಲೈಸೆನ್ಸ್ ತೆಗೆಯಿರಿ.

ನವೀಕರಣದ ಶುಲ್ಕ ಕೇಂದ್ರದ ಕೈಯಲ್ಲಿದೆ ಅಂತ ಗೊತ್ತು. ರಾಜ್ಯದ ಪರವಾಗಿ ನೀವು ದೆಹಲಿಗೆ ಒಂದು ಪತ್ರ ಬರೆಯಬಹುದು. ಹಳೆಯ ಗಾಡಿಗಳ ಮೇಲೆ ಹಾಕುವ ಹಸಿರು ತೆರಿಗೆ ಮಾತ್ರ ರಾಜ್ಯದ್ದೇ. ಅದನ್ನು ಹೊಗೆಯ ಅಂಕಿಗೆ ಕಟ್ಟಿ. 34 ಬಂದವನಿಗೆ ಕಡಿಮೆ, 61 ಬಂದವನಿಗೆ ಜಾಸ್ತಿ, 65 ದಾಟಿದವನ ಗಾಡಿ ಸರಿಯಾಗುವವರೆಗೆ ಶೆಡ್ಡಿನಲ್ಲಿ. ಹಾಗೆ ಮಾಡಿ ನೋಡಿ, ಜನ ತಾವಾಗೇ ಪಂಪ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಬರೀ ವಯಸ್ಸಿಗೆ ತೆರಿಗೆ ಹಾಕಿದರೆ, ನಾಜಲ್ ಬದಲಿಸುವವನಿಗೂ ಬದಲಿಸದವನಿಗೂ ಒಂದೇ ಬಿಲ್. ಮತ್ತೆ ಯಾರು ತಾನೇ ಬದಲಿಸುತ್ತಾರೆ?

ನನ್ನ ಆರ್‌ಸಿ 2028ರವರೆಗೆ ಇದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಯಂತ್ರ ಇರುವ ಯಾವ ಕೇಂದ್ರಕ್ಕೆ ಬರಲಿ, ಯಾವ ದಿನ ಬರಲಿ ಅಂತ ತಿಳಿಸಿ. ಗಾಡಿ, ಮೂರು ನೋಟ್‌ಬುಕ್, ಎಲ್ಲ ಬಿಲ್ಲುಗಳ ಜೊತೆ ಬರುತ್ತೇನೆ. ಎಂಜಿನ್ ಬಿಸಿ ಇರುವಾಗಲೇ ಪೈಪ್ ಹಾಕಿ. ಬ್ರೇಕ್ ಅಳೆಯಿರಿ, ಕೆಳಗೆ ನುಗ್ಗಿ ಚಾಸಿಸ್ ಬಡಿದು ನೋಡಿ. ಫೇಲ್ ಆದರೆ ಯಾವುದರಲ್ಲಿ ಅಂತ ಒಂದು ಸಾಲು ಬರೆದುಕೊಡಿ. ಅದನ್ನು ಸರಿ ಮಾಡಿಸಿಕೊಂಡು ಮತ್ತೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್